ಓದುಗರ ಪ್ರಶ್ನೆ: ಎಲ್ಲ ಕಳೆದುಕೊಂಡವರು ಮರುದಿನ ಏನು ಮಾಡಿದರು?

ಪ್ರಶ್ನೆ: ಸತತ ಎರಡು ವರ್ಷ ಟೊಮೆಟೊ ಕೈಕೊಟ್ಟಿತು, ಬೋರೂ ಬತ್ತಿತು. ಈಗ ಇನ್ನೊಬ್ಬರ ನರ್ಸರಿಯಲ್ಲಿ ಸಂಬಳಕ್ಕಿದ್ದೇನೆ. ರಾತ್ರಿ ಓದುವ ಅಭ್ಯಾಸವಿದೆ. ನಮ್ಮ ಸಾಹಿತ್ಯದಲ್ಲಿ ಸೋತವನು ಒಂದೋ ಸಾಯುತ್ತಾನೆ, ಇಲ್ಲಾ ಕೊನೇ ಪುಟದಲ್ಲಿ ದೇವರು ಬಂದು ಎಲ್ಲ ವಾಪಸ್ ಕೊಡುತ್ತಾನೆ. ಸುಮ್ನೆ ಮತ್ತೆ ಶುರು ಮಾಡಿದವರು ಯಾರೂ ಇಲ್ಲವಾ?
(ಓದುಗರೊಬ್ಬರು, ಚಿಂತಾಮಣಿ)

ಉತ್ತರ: ಇದ್ದಾರೆ, ನಡುವಿನ ಪುಟಗಳಲ್ಲಿ ಹುಡುಕಿ. ರಾಘವಾಂಕನ ಹರಿಶ್ಚಂದ್ರನಿಗೆ ಕೊನೆಗೆ ರಾಜ್ಯ ವಾಪಸ್ ಸಿಗುವುದು ನಿಜ, ನನಗೂ ಆ ಭಾಗ ಅಷ್ಟು ರುಚಿಸುವುದಿಲ್ಲ. ಆದರೆ ಅದಕ್ಕೆ ಮೊದಲು ಅವನು ವೀರಬಾಹುಕನ ಆಳಾಗಿ ಸುಡುಗಾಡು ಕಾಯುತ್ತಾನಲ್ಲ, ಹೆಂಡತಿಯೇ ಮಗನ ಹೆಣ ತಂದಾಗಲೂ ಸುಂಕ ಕೇಳುತ್ತಾನಲ್ಲ, ಅದನ್ನು ಓದಿ ನೋಡಿ.

ವಿರಾಟಪರ್ವ ಇನ್ನೂ ಹತ್ತಿರದ್ದು. ಮಳೆ ಕೈಕೊಟ್ಟ ವರ್ಷ ಬಯಲುಸೀಮೆಯ ಊರುಗಳಲ್ಲಿ ಮಳೆ ಬರಲಿ ಅಂತ ಅದನ್ನು ಓದಿಸುತ್ತಿದ್ದರು, ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುತ್ತದೆ. ಮಳೆ ಬಂತೋ ಬಿಟ್ಟಿತೋ, ಬೆಳೆ ಒಣಗಿಸಿಕೊಂಡವರು ಕೂತು ಕೇಳಿದ್ದು ಯಾರ ಕಥೆ ಹೇಳಿ? 12 ವರ್ಷ ಕಾಡಲ್ಲಿದ್ದು, 13ನೇ ವರ್ಷ ಹೆಸರು ಬದಲಿಸಿಕೊಂಡು ಬೇರೆಯವರ ಮನೆ ಚಾಕರಿಗೆ ಸೇರಿದವರದು. ಭೀಮ ಅಡುಗೆಮನೆಗೆ, ಅರ್ಜುನ ಕುಣಿತ ಕಲಿಸೋಕೆ, ನಕುಲ ಕುದುರೆ ಲಾಯಕ್ಕೆ, ಸಹದೇವ ದನದ ಕಡೆಗೆ, ದ್ರೌಪದಿ ರಾಣಿಯ ತಲೆ ಬಾಚೋಕೆ. ಜೂಜಲ್ಲಿ ಎಲ್ಲ ಕಳೆದ ಧರ್ಮರಾಯ ಹಿಡಿದ ಕೆಲಸವಾದರೂ ಏನು? ರಾಜನ ಜೊತೆ ಪಗಡೆ ಆಡುವುದು! ಕಟ್ಟಿದ ಕವಿಗೆ ಒಳಗೊಳಗೇ ನಗು ಬಂದಿರಬೇಕು.

ಈ ಕಾಲದ್ದೇ ಬೇಕೆಂದರೆ ಭೈರಪ್ಪನವರ ‘ಗೃಹಭಂಗ’ (1970). ತಿಪಟೂರು, ಚನ್ನರಾಯಪಟ್ಟಣದ ಕಡೆಯ ಬದುಕು, ಮಾತು ನಿಮಗೆ ಕಷ್ಟವಾಗದು. ಗಂಡನಿಗೆ ಶ್ಯಾನುಭೋಗಿಕೆ ಲೆಕ್ಕ ಬರೆಯುವ ಯೋಗ್ಯತೆ ಇಲ್ಲ, ನಂಜಮ್ಮ ತಾನೇ ಕಲಿತು ಬರೆಯುತ್ತಾಳೆ, ಮುತ್ತುಗದೆಲೆ ಹಚ್ಚುತ್ತಾಳೆ, ಪ್ಲೇಗಿನಲ್ಲಿ ಇಬ್ಬರು ಮಕ್ಕಳು ಹೋದ ಮೇಲೂ ಎದ್ದು ಕೆಲಸಕ್ಕೆ ಕೂರುತ್ತಾಳೆ. ಕೊನೆಗೆ ಅವಳನ್ನೂ ಪ್ಲೇಗು ಬಿಡುವುದಿಲ್ಲ. ‘ನೋಡಿ, ಸತ್ತಳಲ್ಲ’ ಅಂತೀರಿ. ಸರಿ, ಆದರೆ ನನಗೆ ಅವಳ ಸಾವಿಗಿಂತ ಜಾಸ್ತಿ ನೆನಪಿರುವುದು ಆ ಲೆಕ್ಕದ ಪುಸ್ತಕ. ಇವರು ಯಾರೂ ದುಃಖ ಪೂರ್ತಿ ಮುಗಿಸಿಕೊಂಡು ಎದ್ದವರಲ್ಲ. ಕೈಗೆ ಸಿಕ್ಕಿದ ಕೆಲಸ ಹಿಡಿದರು, ದುಃಖ ಜೊತೆಗೇ ಬಂತು. ನಿಮ್ಮ ನರ್ಸರಿ ಸಂಬಳವೂ ಇದೇ ಸಾಲಿನದ್ದು ಅಲ್ವಾ?

ಬಿಡುವಿದ್ದರೆ ಕಾರಂತರ ‘ಮರಳಿ ಮಣ್ಣಿಗೆ’ಯನ್ನೂ ಓದಿ. ಅದು ಕರಾವಳಿಯ ಕಥೆ. ಅಪ್ಪ ಹಾಳು ಮಾಡಿದ ಮನೆಯನ್ನು ಮಗ ಎತ್ತಬೇಕು, ಮೂರು ತಲೆಮಾರು ಹಿಡಿಯುತ್ತದೆ. ದಪ್ಪ ಪುಸ್ತಕ, ಅವಸರ ಬೇಡ.

ಪ್ರಶ್ನೆ: ಕಾಲೇಜಿನ ಕಥಾಸ್ಪರ್ಧೆಗೆ ಕೆಜಿಎಫ್‌ನಲ್ಲಿ ಗಣಿ ಕೆಲಸ ಕಳೆದುಕೊಂಡವನ ಕಥೆ ಬರೆಯುತ್ತಿದ್ದೇನೆ. ಕೊನೆಯಲ್ಲಿ ಅವನನ್ನು ದೊಡ್ಡ ಉದ್ಯಮಿ ಮಾಡಲೇ?
(ವಿದ್ಯಾರ್ಥಿನಿ, ಬಂಗಾರಪೇಟೆ)

ಉತ್ತರ: ಬೇಡಮ್ಮ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಅಲ್ಲಿನ ಎಷ್ಟೋ ಜನ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗಿ ರಾತ್ರಿ ವಾಪಸ್ ಬರುತ್ತಾರೆ. ಆ ರೈಲು ನಿಮ್ಮೂರ ಮೇಲೇ ಹಾದುಹೋಗುತ್ತದೆ. ಒಂದು ದಿನ ಹತ್ತಿ ಕೂತು, ಅವರ ಮಾತು ಕೇಳಿಸಿಕೊಂಡು, ಆಮೇಲೆ ಬರೆಯಿರಿ. ಬಹುಮಾನ ಬರದಿದ್ದರೆ ಕಥೆ ನಮಗೇ ಕಳಿಸಿ.