ಬಾಡಿಗೆ ತಡವಾದರೆ ದಿನಕ್ಕೆ 200 ರೂಪಾಯಿ ದಂಡ ಹಾಕಬಹುದಾ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಹಡಿ ಮನೆಯನ್ನು ತಿಂಗಳಿಗೆ 14,000 ರೂಪಾಯಿಗೆ ಬಾಡಿಗೆ ಕೊಟ್ಟಿದ್ದೇನೆ. ಐದನೇ ತಾರೀಖಿನೊಳಗೆ ಕೊಡಬೇಕು, ತಡವಾದರೆ ದಿನಕ್ಕೆ 200 ರೂಪಾಯಿ ದಂಡ ಅಂತ 11 ತಿಂಗಳ ಕರಾರಿನಲ್ಲಿ ಬರೆಸಿದ್ದೇನೆ. ಆದರೂ ಪ್ರತಿ ತಿಂಗಳು ಕೊನೆವರೆಗೂ ಎಳೆಯುತ್ತಿದ್ದರು, ಈಗ ಮೂರು ತಿಂಗಳಿಂದ ಏನೂ ಬಂದಿಲ್ಲ. ದಂಡವನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಲಾ? ನೀರು ನಿಲ್ಲಿಸಿ ಬೀಗ ಹಾಕಿ ಅಂತ ನೆಂಟರು ಹೇಳುತ್ತಿದ್ದಾರೆ.
– ಹೆಸರು ಬೇಡ, ಮೈಸೂರು

ಉತ್ತರ: ಮೊದಲು ಬೀಗದ ಮಾತು. ದಯವಿಟ್ಟು ಹಾಕಬೇಡಿ. ಹೀಗೆ ಬೀಗ ಹಾಕಿದ ಒಂದು ಮನೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಳಗೆ ಮಗಳ ಪರೀಕ್ಷೆಯ ಹಾಲ್ ಟಿಕೆಟ್ ಇತ್ತು, ತಾಯಿ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಬಾಕಿ ಉಳಿಸಿಕೊಂಡಿದ್ದವರು ಅವರೇ, ಆದರೆ ಆವತ್ತು ಇಡೀ ಬೀದಿ ಅವರ ಪರ ನಿಂತಿತು. ಕಾನೂನೂ ಹಾಗೇ. ಬಲವಂತದಿಂದ ಹೊರಹಾಕಿದರೆ ಬಾಡಿಗೆದಾರರು ಆರು ತಿಂಗಳೊಳಗೆ ದಾವೆ ಹಾಕಿ ಮನೆಯೊಳಗೆ ವಾಪಸ್ ಬರಬಹುದು. ಮನೆ ಯಾರ ಹೆಸರಲ್ಲಿದೆ ಅನ್ನುವುದು ಆ ದಾವೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನೀರು, ಕರೆಂಟ್ ನಿಲ್ಲಿಸುವುದೂ ಬೇಡ.

ಇನ್ನು ದಂಡ. ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದೆ, 2001ರ ಕೊನೆಯಲ್ಲಿ ಜಾರಿಗೆ ಬಂತು. ಆದರೆ ತಿಂಗಳ ಬಾಡಿಗೆ ದೊಡ್ಡ ಊರುಗಳಲ್ಲಿ 3,500, ಉಳಿದ ಕಡೆ 2,000 ರೂಪಾಯಿ ದಾಟಿದ ಮನೆಗಳು ಅದರ ಹೊರಗೆ, ಹಾಗಾಗಿ ನಿಮ್ಮದೂ ಹೊರಗೆ. ನಿಮಗೆ ಉಳಿಯುವುದು ನಿಮ್ಮ ಕರಾರು, 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು 1872ರ ಕರಾರು ಕಾಯ್ದೆ. ಈ ಕೊನೆಯದರ 74ನೇ ಕಲಂ ಪ್ರಕಾರ, ದಂಡ ಅಂತ ಎಷ್ಟೇ ಬರೆದಿದ್ದರೂ ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದಕ್ಕೆ ಗರಿಷ್ಠ ಮಿತಿ ಅಷ್ಟೇ. ನಿಮ್ಮದನ್ನೇ ಲೆಕ್ಕ ಹಾಕಿ: 25 ದಿನ ತಡವಾದರೆ 5,000 ರೂಪಾಯಿ, ಅಂದರೆ ಬಾಡಿಗೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಇದು ನಿಲ್ಲುವುದು ಕಷ್ಟ. ಮುಂದಿನ ಕರಾರಿನಲ್ಲಿ ದಂಡದ ಬದಲು ವರ್ಷಕ್ಕೆ ಇಷ್ಟು ಅಂತ ಹದವಾದ ಬಡ್ಡಿ ಬರೆಸಿ.

ನಿಮ್ಮ ಬಲ ಇರುವುದು 42,000 ರೂಪಾಯಿ ಬಾಕಿಯಲ್ಲಿ. ವಕೀಲರಿಂದ ನೋಟಿಸ್ ಕಳಿಸಿ, ತಲುಪಿದ್ದಕ್ಕೆ ದಾಖಲೆ ಸಿಗುವ ಹಾಗೆ ಸ್ಪೀಡ್ ಪೋಸ್ಟ್‌ನಲ್ಲಿ. ಯಾವ ತಿಂಗಳದ್ದು ಎಷ್ಟು ಅಂತ ಬಿಡಿಸಿ ಬರೆಸಿ. ಕರಾರಿನ 11 ತಿಂಗಳು ಮುಗಿದು ತಿಂಗಳಿಂದ ತಿಂಗಳಿಗೆ ನಡೆಯುತ್ತಿದ್ದರೆ, ಬೇರೆ ಷರತ್ತು ಇಲ್ಲದಿದ್ದಲ್ಲಿ, ಖಾಲಿ ಮಾಡಲು 15 ದಿನದ ನೋಟಿಸ್ ಸಾಕು. ಅವಧಿ ಇನ್ನೂ ಮುಗಿದಿಲ್ಲವಾದರೆ, ಬಾಡಿಗೆ ಕೊಡದಿದ್ದರೆ ಕರಾರು ರದ್ದು ಅನ್ನುವ ಷರತ್ತು ಇದೆಯಾ ಅಂತ ಈಗಲೇ ತೆಗೆದು ನೋಡಿ. ಆ ಷರತ್ತಿನ ಮೇಲೆ ಹೋದರೂ, ವಿಚಾರಣೆ ಹೊತ್ತಿಗೆ ಅವರು ಬಾಕಿ, ಬಡ್ಡಿ, ಖರ್ಚು ಎಲ್ಲ ಕಟ್ಟಿದರೆ ಕೋರ್ಟು ಅವರನ್ನು ಉಳಿಸಬಹುದು. ನಿಮಗೆ ದುಡ್ಡಾದರೂ ಕೈಗೆ ಬರುತ್ತದಲ್ವಾ.

ನೋಟಿಸ್ ಹೋದ ಮೇಲೆ ಅವರು ಸ್ವಲ್ಪ ದುಡ್ಡು ತಂದುಕೊಟ್ಟರೆ ಸುಮ್ನೆ ತೆಗೆದಿಟ್ಟುಕೊಳ್ಳಬೇಡಿ. ನೀವು ನೋಟಿಸನ್ನೇ ಬಿಟ್ಟುಕೊಟ್ಟಿರಿ ಅಂತ ಆಮೇಲೆ ವಾದ ಬರುತ್ತದೆ. "ಹಳೇ ಬಾಕಿಗೆ ಜಮಾ, ನೋಟಿಸ್ ಹಾಗೇ ಇದೆ" ಅಂತ ರಸೀದಿಯಲ್ಲೇ ಬರೆದು ಅವರ ಸಹಿ ತೆಗೆದುಕೊಳ್ಳಿ.

ಅಡ್ವಾನ್ಸ್‌ನಲ್ಲಿ ಬಾಕಿ ಮುರಿಯಲು ಕರಾರು ಒಪ್ಪಿದ್ದರೆ ಮುರಿಯಬಹುದು. ಆದರೆ ಅವರು ಮನೆಯಲ್ಲಿ ಇರುವಾಗಲೇ ಬೇಡ ಅಂತ ನನ್ನ ಸಲಹೆ. ಅಡ್ವಾನ್ಸ್ ಕರಗಿದ ಮೇಲೆ ಕರೆಂಟ್ ಬಿಲ್ಲಿಗೆ, ಬಣ್ಣಕ್ಕೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಹಾಗೆಯೇ ವರ್ಷಗಟ್ಟಲೆ ಕಾಯಬೇಡಿ. ಬಾಡಿಗೆ ಬಾಕಿಗೆ ದಾವೆ ಹಾಕಲು ಮೂರೇ ವರ್ಷ.

ಪ್ರಶ್ನೆ: ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೇಳುವ ಹಾಗಿಲ್ಲ ಅಂತ ವಾಟ್ಸ್ಯಾಪ್‌ನಲ್ಲಿ ಬಂತು. ನಮ್ಮ ಓನರ್ ಹತ್ತು ತಿಂಗಳದ್ದು ಕೇಳುತ್ತಿದ್ದಾರೆ. ನಿಜ ಯಾವುದು?
– ಓದುಗ, ಬೆಂಗಳೂರು

ಉತ್ತರ: ಆ ಎರಡು ತಿಂಗಳ ಮಿತಿ ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿದೆ. ಅದು ಮಾದರಿ ಮಾತ್ರ. ಮನೆ ಬಾಡಿಗೆ ರಾಜ್ಯಗಳ ವಿಷಯ, ರಾಜ್ಯವೇ ಕಾನೂನು ಮಾಡದೆ ಅದು ನಮಗೆ ಅನ್ವಯಿಸುವುದಿಲ್ಲ. ತಮಿಳುನಾಡು 2017ರಲ್ಲೇ ತನ್ನದೇ ಕಾಯ್ದೆ ಮಾಡಿಕೊಂಡಿತು. ಹಾಗಾಗಿ ಆ ಮೆಸೇಜ್ ತೋರಿಸಿ ಜಗಳಕ್ಕೆ ಹೋಗಬೇಡಿ, ಸಹಿಗೆ ಮುಂಚೆಯೇ ಚೌಕಾಸಿ ಮಾಡಿ. ಕೊಟ್ಟ ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ, ಖಾಲಿ ಮಾಡಿದ ಎಷ್ಟು ದಿನದೊಳಗೆ ವಾಪಸ್ ಅನ್ನುವುದನ್ನು ಕರಾರಿನಲ್ಲಿ ಬರೆಸಿಕೊಳ್ಳಿ.