ಗುರುವನ್ನು ಪ್ರಶ್ನೆ ಕೇಳಬಹುದೇ?

ಕಾರ್ಕಳದ ಓದುಗರೊಬ್ಬರು ಬರೆದಿದ್ದಾರೆ: “ಅಮ್ಮನ ಜೊತೆ ಮಂಗಳೂರಿನ ಒಂದು ಸತ್ಸಂಗಕ್ಕೆ ಹೋಗುತ್ತಿದ್ದೇನೆ. ಅಣ್ಣನ ಮಗು ತೀರಿಕೊಂಡ ಮೇಲೆ, ಏನೂ ತಿಳಿಯದ ಕೂಸಿಗೆ ಯಾವ ಕರ್ಮ ಅಂತ ಅಲ್ಲಿ ಕೇಳಿದೆ. ಗುರುಗಳನ್ನು ಪ್ರಶ್ನಿಸುವುದೇ ಪಾಪ ಅಂದರು. ಗುರುವೇ ದೇವರು ಅಂದ ಮೇಲೆ ನನಗೆ ದೇವರಲ್ಲೇ ಸಂಶಯ ಬಂದ ಹಾಗಾಯಿತಲ್ವಾ?”

ತಂಗೀ, ಮೊದಲು ಆ ಮಗುವಿನ ವಿಷಯ. ಅಂಥ ನೋವಿನಲ್ಲಿ ಆ ಪ್ರಶ್ನೆ ಬಾರದಿದ್ದರೇ ಆಶ್ಚರ್ಯ. ನೀವು ಪಾಪ ಮಾಡಿಲ್ಲ.

ಕೃಷ್ಣನಿಗಿಂತ ದೊಡ್ಡ ಗುರು ಯಾರಿದ್ದಾರೆ? ಗೀತೆಯ ಎರಡನೇ ಅಧ್ಯಾಯದಲ್ಲಿ ಅರ್ಜುನ “ನಾನು ನಿನ್ನ ಶಿಷ್ಯ, ಶರಣು ಬಂದಿದ್ದೇನೆ, ದಾರಿ ತೋರಿಸು” ಅನ್ನುತ್ತಾನೆ. ಅಲ್ಲಿಯವರೆಗೆ ಅವರು ಗೆಳೆಯರು. ಶರಣಾದ ಮೇಲೆ ಅರ್ಜುನ ಬಾಯಿ ಮುಚ್ಚಿ ಕೂತನೇ? ಇಲ್ಲ. ಜ್ಞಾನವೇ ದೊಡ್ಡದಾದರೆ ಈ ಘೋರ ಯುದ್ಧಕ್ಕೆ ಯಾಕೆ ತಳ್ಳುತ್ತೀ ಅಂತ ಕೇಳಿದ. ಈ ಯೋಗವನ್ನು ಹಿಂದೆ ಸೂರ್ಯನಿಗೆ ಹೇಳಿದ್ದೆ ಅಂತ ಕೃಷ್ಣ ಅಂದಾಗ, ನೀನು ಈಗ ಹುಟ್ಟಿದವನು, ಸೂರ್ಯನಿಗೆ ಹೇಗೆ ಉಪದೇಶ ಮಾಡಿದೆ ಅಂತಲೂ ಕೇಳಿದ. ಸ್ವತಃ ದೇವರಿಗೇ ಹಾಕಿದ ಪ್ರಶ್ನೆ ಇದು! ಕೃಷ್ಣ ಸಿಟ್ಟಾಗಲಿಲ್ಲ. ನಾಲ್ಕನೇ ಅಧ್ಯಾಯದಲ್ಲಿ ಜ್ಞಾನಿಗಳ ಬಳಿ ಹೇಗೆ ಕಲಿಯಬೇಕು ಅಂತ ಹೇಳುವಾಗ, ನಮಸ್ಕಾರ ಮತ್ತು ಸೇವೆಯ ನಡುವೆ ಪ್ರಶ್ನೆಯನ್ನೂ ಸೇರಿಸಿದ. ಕೊನೆಗೆ ಹದಿನೆಂಟನೇ ಅಧ್ಯಾಯದಲ್ಲಿ “ಇದನ್ನೆಲ್ಲ ಪೂರ್ತಿ ಯೋಚಿಸಿ, ನಿನಗೆ ಇಷ್ಟ ಬಂದ ಹಾಗೆ ಮಾಡು” ಅಂದುಬಿಟ್ಟ. ಈ ಮಾತು ಓದುವಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ. ಅಪ್ಪಣೆ ಕೊಡಬಲ್ಲವನು ಶಿಷ್ಯನ ಬುದ್ಧಿಯನ್ನು ಅಷ್ಟು ನಂಬಿದ.

ನಮ್ಮ ಉಡುಪಿಯದೇ ಕಥೆ ಕೇಳಿ. ಕೃಷ್ಣಮಠದ ಎದುರಿಗೇ ಅನಂತೇಶ್ವರ ದೇವಸ್ಥಾನ ಇದೆಯಲ್ಲ, ಮಧ್ವಾಚಾರ್ಯರು ಅಚ್ಯುತಪ್ರೇಕ್ಷರಿಂದ ಸನ್ಯಾಸ ಪಡೆದದ್ದು ಅಲ್ಲೇ ಅನ್ನುತ್ತಾರೆ. ಗುರುಗಳು ‘ಇಷ್ಟಸಿದ್ಧಿ’ ಎಂಬ ಅದ್ವೈತ ಗ್ರಂಥದ ಪಾಠ ಶುರು ಮಾಡಿದರು. ಹುಡುಗ ಶಿಷ್ಯ ಮೊದಲ ಪದ್ಯದಲ್ಲೇ 32 ದೋಷ ತೋರಿಸಿದನಂತೆ. ಎಂಥ ಗುರುವಿಗೂ ಮುಖ ಕೆಂಪಾಗುವ ಹೊತ್ತು ಅದು. ಆದರೆ ಅಚ್ಯುತಪ್ರೇಕ್ಷರು ಶಿಷ್ಯನನ್ನು ಹೊರಗೆ ಹಾಕಲಿಲ್ಲ. ವೇದಾಂತ ಪೀಠದಲ್ಲಿ ಕೂರಿಸಿ ಆನಂದತೀರ್ಥ ಅಂತ ಹೆಸರಿಟ್ಟರು. ಮುಂದೆ ತಾವೇ ಶಿಷ್ಯನ ಮತವನ್ನು ಒಪ್ಪಿಕೊಂಡರು. ಆ ಮಧ್ವರೂ ಬದರಿಗೆ ಹೋಗಿ ವೇದವ್ಯಾಸರ ಮುಂದೆ ಶಿಷ್ಯರಾಗಿ ನಿಂತರು ಅನ್ನುತ್ತದೆ ಸಂಪ್ರದಾಯ. ಅಷ್ಟು ಪ್ರಶ್ನೆ ಕೇಳಿದವರಲ್ಲಿ ಭಕ್ತಿಗೇನೂ ಕೊರತೆ ಬರಲಿಲ್ಲ.

ಗುರುವೇ ದೇವರು ಅನ್ನುವುದನ್ನು ಎಲ್ಲರೂ ಒಂದೇ ಅರ್ಥದಲ್ಲಿ ತೆಗೆದುಕೊಂಡಿಲ್ಲ. ಅದ್ವೈತದಲ್ಲಿ ಗುರುವಿನಲ್ಲಿರುವ ಬ್ರಹ್ಮವೇ ಶಿಷ್ಯನಲ್ಲೂ ಇರುವುದು. ಮಾಧ್ವರಲ್ಲಿ ಗುರು ಎಷ್ಟೇ ದೊಡ್ಡವರಾದರೂ ಜೀವನೇ. ಅವರೊಳಗೆ ನಿಂತು ಕಲಿಸುವ ಹರಿಗೆ ಪೂಜೆ. ಹಾಗಾಗಿ ಒಬ್ಬ ಮನುಷ್ಯನ ಮಾತಿನಲ್ಲಿ ಸಂಶಯ ಬಂದ ಕೂಡಲೇ ದೇವರನ್ನು ಕಳೆದುಕೊಂಡೆ ಅಂತ ಹೆದರಬೇಡಿ. ತೈತ್ತಿರೀಯ ಉಪನಿಷತ್ತಿನ ಗುರು ಶಿಷ್ಯರನ್ನು ಮನೆಗೆ ಕಳಿಸುವಾಗ, “ನಮ್ಮ ಒಳ್ಳೆಯ ನಡತೆಯನ್ನು ಮಾತ್ರ ಅನುಸರಿಸಿ, ಬೇರೆಯದನ್ನಲ್ಲ” ಅಂತ ತಾನೇ ಹೇಳುತ್ತಾನೆ.

ಹಾಗಂತ ಕಾಯುವ ಗುಣವೂ ಬೇಕು. ಪ್ರಶ್ನೋಪನಿಷತ್ತಿನಲ್ಲಿ ಆರು ಮಂದಿ ಪಿಪ್ಪಲಾದರ ಬಳಿ ಬಂದಾಗ, ಒಂದು ವರ್ಷ ಇಲ್ಲಿ ವ್ರತದಲ್ಲಿದ್ದು ಆಮೇಲೆ ಕೇಳಿ, ನಮಗೆ ಗೊತ್ತಿದ್ದರೆ ಹೇಳುತ್ತೇವೆ ಅಂದರು. ‘ಗೊತ್ತಿದ್ದರೆ’ ಅಂದವರು ಒಬ್ಬ ಋಷಿ, ನೋಡಿ.

ಇನ್ನೊಂದು ವಿಷಯ. ಪಾಪ ಅಂತ ಹೇಳಿದ್ದು ಗುರುಗಳೋ, ಸುತ್ತ ಇರುವವರೋ? ನಿಮ್ಮ ಪತ್ರದಲ್ಲಿ ಅದು ಸ್ಪಷ್ಟ ಇಲ್ಲ. ಎಷ್ಟೋ ಕಡೆ ಬಾಗಿಲು ಕಾಯುವವರದ್ದೇ ಜೋರು ಜಾಸ್ತಿ. ಅಮ್ಮನನ್ನು ಕರೆದುಕೊಂಡು ಹೋಗಿ, ಭಜನೆ ಮುಗಿದು ಜನ ಕರಗಿದ ಮೇಲೆ ಗುರುಗಳನ್ನೇ ನೇರ ಕೇಳಿ. ಉತ್ತರ ಗೊತ್ತಿಲ್ಲ ಅಂದರೂ ಪರವಾಗಿಲ್ಲ, ನಿಮ್ಮ ದುಃಖ ಕೇಳಿಸಿಕೊಂಡರೆ ಅಲ್ಲೇ ಇರಿ. ಅವರೂ ಗದರಿಸಿ ಕಳಿಸಿದರೆ ಹೋಗುವುದನ್ನು ನಿಲ್ಲಿಸಿ, ಮನೆಯಲ್ಲೇ ಗೀತೆ ಓದಿ. ಅಣ್ಣ ಅತ್ತಿಗೆಗೆ ಮಾತ್ರ ಈಗ ಕರ್ಮದ ಮಾತು ಬೇಡ, ಅವರ ಜೊತೆ ಸುಮ್ನೆ ಕೂತುಕೊಳ್ಳಿ.

– ಸಂಪಾದಕ