ಗಾಡಿ ನಡುಗಿದರೆ ದುಡ್ಡು ಸುರಿಯುವ ಮುಂಚೆ

ಮಳೆಗಾಲ ಮುಗಿದರೆ ಸಾಕು, ಈ ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರು ಆಗಲೇ ಸುಮ್ನೆ ದುಡ್ಡು ಕಳೆದುಕೊಂಡಿರುತ್ತಾರೆ. ನನಗೆ ಬೇಸರ ಅದಕ್ಕೇ.

ಪ್ರಶ್ನೆ: ನಮ್ಮ ಹಳೇ ಬೊಲೆರೊ 60 ದಾಟಿದರೆ ಗಡಗಡ ನಡುಗುತ್ತದೆ. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ, ಹೋಗಿಲ್ಲ. ಎಂಜಿನ್ ಇಳಿಸಬೇಕು ಅಂತಿದ್ದಾರೆ. (ಮೂಡಿಗೆರೆ)

ಉತ್ತರ: ಇಳಿಸಬೇಡಿ! ಅಲೈನ್‌ಮೆಂಟ್ ಅಂದರೆ ಚಕ್ರಗಳು ನೆಟ್ಟಗೆ ನಿಲ್ಲುವ ಕೋನ. ಅದು ಕೆಟ್ಟರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟೈರ್ ಸವೆಯುತ್ತದೆ. ನಡುಕಕ್ಕೆ ನೋಡಬೇಕಾದ್ದು ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತ ತೂಕ ಸಮ ಮಾಡುವುದು. ಎರಡೂ ಬೇರೆ ಅಂತ ಎಷ್ಟು ಸಲ ಬರೆಯಲಿ? ಅದಕ್ಕೂ ಮೊದಲು ಚಕ್ರದ ಒಳಮೈ ತೊಳೆಯಿರಿ. ತೋಟದ ರಸ್ತೆಯ ಕೆಸರು ರಿಮ್ಮಿನೊಳಗೆ ಒಂದೇ ಕಡೆ ಒಣಗಿ ಕೂತರೂ ಸ್ಟೀರಿಂಗ್ ಕುಣಿಯುತ್ತದೆ.

ತೊಳೆದರೂ ಹೋಗಲಿಲ್ಲವಾ? ಬೇಲೂರು ದಾಟಿ ಹಾಸನದ ಕಡೆ ನೆಟ್ಟಗಿನ ಖಾಲಿ ರಸ್ತೆ ನೋಡಿಕೊಳ್ಳಿ. 60ರ ಮೇಲೆ ಅದೇ ವೇಗದಲ್ಲಿ ಒಮ್ಮೆ ನಾಲ್ಕನೇ ಗೇರ್, ಒಮ್ಮೆ ಐದನೇ ಗೇರ್ ಹಾಕಿ. ಆಗಲೂ ನಡುಕ ಅಷ್ಟೇ ಇದ್ದರೆ ಎಂಜಿನ್ನಿನ ತಪ್ಪಲ್ಲ. ಸ್ಟೀರಿಂಗ್ ಜಾಸ್ತಿ ನಡುಗಿದರೆ ಮುಂದಿನ ಚಕ್ರ. ಸೀಟು, ನೆಲ ನಡುಗಿದರೆ ಹಿಂದಿನ ಚಕ್ರ ಅಥವಾ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ತಿರುಗುಬಲ ಒಯ್ಯುವ ಉದ್ದನೆಯ ದಂಡ). ಘಾಟಿಯಲ್ಲಿ ಈ ಪರೀಕ್ಷೆ ಬೇಡವೇ ಬೇಡ.

ನನ್ನ ಗುಮಾನಿ ಶಾಫ್ಟಿನ ಕ್ರಾಸ್ ಮೇಲೆ, ಅಂದರೆ ಅದರ ತುದಿಯಲ್ಲಿರುವ ಕೂಡಿಸುವ ಶಿಲುಬೆಯಾಕಾರದ ಕೀಲು. ರಿವರ್ಸಿನಿಂದ ಫಸ್ಟಿಗೆ ಹಾಕಿದಾಗ ಕೆಳಗೆ ‘ಟಕ್’ ಅನ್ನುತ್ತದಾ? ಎಂಜಿನ್ ಆರಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬಗ್ಗಿ ನೋಡಿ. ಕ್ರಾಸಿನ ನಾಲ್ಕು ಬಟ್ಟಲುಗಳ ಸುತ್ತ ಕುಂಕುಮದಂಥ ಪುಡಿ ಕಂಡರೆ, ಗ್ರೀಸಿಲ್ಲದೆ ಒಳಗಿನ ಸೂಜಿ ಬೇರಿಂಗ್ ತುಕ್ಕು ಹಿಡಿದು ತೇಯುತ್ತಿದೆ ಎಂದರ್ಥ. ಅವತ್ತೇ ಬದಲಿಸಿ. ಓಡುವಾಗ ಮುಂದಿನ ಕ್ರಾಸ್ ತುಂಡಾದರೆ ಶಾಫ್ಟಿನ ತುದಿ ರಸ್ತೆಗೆ ನಾಟಿ ಗಾಡಿಯನ್ನೇ ಎತ್ತಿಹಾಕಬಹುದು. ಶಾಫ್ಟ್ ಬಿಚ್ಚುವ ಮುಂಚೆ, ಕೂಡುವ ಜಾಗದ ಎರಡೂ ಕಡೆಯ ಭಾಗದ ಮೇಲೆ ಗುರುತು ಹಾಕಿಸಿ. ಮೊದಲಿದ್ದ ಹಾಗೇ ಕೂರಿಸದಿದ್ದರೆ ಹೊಸ ಕ್ರಾಸ್ ಹಾಕಿದರೂ ನಡುಕ ಹೋಗುವುದಿಲ್ಲ. ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ನಿಂತಿರಿ.

ಪ್ರಶ್ನೆ: ಮಾರುತಿ 800, ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಕಟಕಟ ಸದ್ದು. (ಹಾಸನ)

ಉತ್ತರ: ಆಕ್ಸೆಲ್ಲಿನ ಹೊರಗಿನ ಜಾಯಿಂಟ್. ಅದರ ಮೇಲಿನ ರಬ್ಬರ್ ಬೂಟ್ (ಹೊದಿಕೆ) ಹರಿದಿರುತ್ತದೆ, ನೋಡಿ.

ಪ್ರಶ್ನೆ: ಎಂಜಿನ್ ಸದ್ದಿಗೆ ಆಯಿಲ್‌ಗೆ ಬೆರೆಸುವ ಬಾಟಲಿ ಹಾಕಬಹುದಾ? (ಸಕಲೇಶಪುರ)

ಉತ್ತರ: ಬೇಡ. ಸದ್ದು ಅಡಗುತ್ತದೆ, ಸವೆತ ನಿಲ್ಲುವುದಿಲ್ಲ. ಅಳಲೆಕಾಯಿ ಪಂಡಿತರ ಮಾತು ಕೇಳಿ ಎಂಜಿನ್ ಕಳೆದುಕೊಳ್ಳಬೇಡಿ. ಆಯಿಲ್ ಪ್ರೆಷರ್ ಅಳೆಸಿ.

ಪ್ರಶ್ನೆ: ಚಾರ್ಮಾಡಿ ಇಳಿಯುವಾಗ ಬ್ರೇಕ್ ಪೆಡಲ್ ನಡುಗುತ್ತದೆ. (ಕೊಟ್ಟಿಗೆಹಾರ)

ಉತ್ತರ: ಡಿಸ್ಕ್ ತೋರಿಸಿ. ಅಲ್ಲಿಯವರೆಗೆ ಘಾಟಿ ಇಳಿಯಬೇಡಿ.